ಪಟ್ಟಿಗೆ ಬಾರದ ಸೀಸೆ

2024ರ ಫೆಬ್ರವರಿ. ಆಗ ನನಗೆ ಇಪ್ಪತ್ತೇಳು ವರ್ಷ. ವಿಮಾನ ನಿಲ್ದಾಣದ ರಸ್ತೆಯ ಒಂದು ಹೋಟೆಲ್ಲಿನ ಬಾರಿನಲ್ಲಿ ನಾಲ್ಕು ವರ್ಷ ಎರಡು ತಿಂಗಳು ಪಾನೀಯ ಬೆರೆಸುವ ಕೆಲಸ ಮಾಡಿ, ಅದನ್ನು ಬಿಟ್ಟು, ಬೂದಿಗೆರೆಯ ನಮ್ಮ ಮನೆಯಿಂದಲೇ ಸ್ವಂತ ಕೆಲಸ ಶುರು ಮಾಡಿ ಹನ್ನೊಂದು ತಿಂಗಳಾಗಿತ್ತು. ಏನು ಕೆಲಸ ಎಂದು ಕೇಳಿದವರು ಉತ್ತರ ಕೇಳಿ ನಗುತ್ತಿದ್ದರು. ಸೀಮಂತದ ಮನೆಗಳಿಗೆ ಹೋಗಿ ಬಸುರಿಯರಿಗಾಗಿ ಮದ್ಯವಿಲ್ಲದ ಕಾಕ್‌ಟೇಲ್ ಮಾಡಿಕೊಡುವುದು.

ಈ ಯೋಚನೆ ಬಂದದ್ದು ಬಾರಿನಲ್ಲಿಯೇ. ಒಂದು ಸಂಜೆ ಕಚೇರಿಯ ಗುಂಪೊಂದು ಬಂದಿತ್ತು. ಅವರಲ್ಲಿ ಒಬ್ಬಾಕೆ ಆರು ತಿಂಗಳ ಬಸುರಿ. ಎಲ್ಲರ ಮುಂದೆ ಬಗೆಬಗೆಯ ಲೋಟಗಳು, ಆಕೆಯ ಮುಂದೆ ನಿಂಬೆ ಸೋಡಾ. ‘ಎಲ್ಲರಿಗೂ ಹಬ್ಬದ ಲೋಟ, ನನಗೊಬ್ಬಳಿಗೆ ಆಸ್ಪತ್ರೆ ಲೋಟ’ ಎಂದು ಆಕೆ ನಗುತ್ತಲೇ ಹೇಳಿದಳು. ಆ ಮಾತನ್ನು ಅಂದೇ ಡೈರಿಯಲ್ಲಿ ಬರೆದುಕೊಂಡೆ. ನನಗೆ ಎಲ್ಲವನ್ನೂ ಬರೆದಿಡುವ ಅಭ್ಯಾಸ. ಪ್ರತಿ ಸಮಾರಂಭಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಪುಟ. ಯಾವ ಪಾನೀಯ ಎಷ್ಟು ಲೋಟ ಹೋಯಿತು ಎಂದು ಗೆರೆ ಹಾಕುತ್ತೇನೆ. ನಾಲ್ಕು ಗೆರೆಗೆ ಒಂದು ಅಡ್ಡಗೆರೆ, ಐದರ ಕಟ್ಟು. ಪುಟದ ಮೊದಲ ಸಾಲು ಮಾತ್ರ ಬಸುರಿಗೇ ಮೀಸಲು. ಆಕೆ ಕುಡಿದ ಪ್ರತಿ ಲೋಟಕ್ಕೂ ಗೆರೆ, ಗೆರೆಯ ಪಕ್ಕ ಗಂಟೆ. ಕೆಲವರಿಗೆ ಡಾಕ್ಟರು ಸಿಹಿ ಮಿತಿಯಲ್ಲಿರಲಿ ಎಂದಿರುತ್ತಾರೆ, ಅದಕ್ಕೆ ಶುರು ಮಾಡಿದ ಕ್ರಮ ಅದು. ಅದರಿಂದ ಬೇರೆ ಉಪಯೋಗವೂ ಇದೆ ಎಂದು ಆಗ ಗೊತ್ತಿರಲಿಲ್ಲ.

ಅಲ್ಲಿಯವರೆಗೆ ಇಪ್ಪತ್ತೆರಡು ಮನೆಗಳಾಗಿದ್ದವು. ಇಪ್ಪತ್ತಮೂರನೆಯದು ಆವತಿಯದು.

ಜನವರಿ 29ರಂದು ಫೋನ್ ಮಾಡಿದವಳು ಕಾವ್ಯ. ದೇವನಹಳ್ಳಿಯ ಒಂದು ಶಾಲೆಯಲ್ಲಿ ಗಣಿತದ ಟೀಚರ್, ಗಂಡನ ಮನೆ ಆವತಿಯಲ್ಲಿ. ಪುಷ್ಯ ಮುಗಿದ ಮೊದಲ ಭಾನುವಾರ, ಫೆಬ್ರವರಿ 11ಕ್ಕೆ, ಏಳನೇ ತಿಂಗಳ ಸೀಮಂತ. ‘ನಮ್ಮತ್ತೆ ಒಪ್ಪಿದ್ರೆ ಮಾತ್ರ ಅಕ್ಕ. ನೀವೇ ಬಂದು ಒಪ್ಪಿಸ್ಬೇಕು’ ಎಂದಳು.

ಫೆಬ್ರವರಿ 3ರ ಶನಿವಾರ ನಾನೂ ನಾಗವೇಣಿಯೂ ಸ್ಕೂಟರಿನಲ್ಲಿ ಹೋದೆವು. ನಾಗವೇಣಿ ನನ್ನ ಚಿಕ್ಕಪ್ಪನ ಮಗಳು. ಹಣ್ಣು ಹೆಚ್ಚುವುದು, ಲೋಟ ತೊಳೆಯುವುದು, ನನ್ನನ್ನು ಬೈಯುವುದು, ಮೂರೂ ಅವಳ ಪಾಲಿನ ಕೆಲಸ. ಕಾವ್ಯಳ ಅತ್ತೆ ಜಯಮ್ಮನವರು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ದ್ರಾಕ್ಷಿ ತೋಟವನ್ನು ಒಂಬತ್ತು ವರ್ಷದಿಂದ ಒಬ್ಬರೇ ನೋಡಿಕೊಂಡು ಬಂದ ಹೆಂಗಸು. ತಲೆ ಎತ್ತದೆಯೇ ಕೇಳಿದರು.

‘ಕಾಕ್‌ಟೇಲ್ ಅಂದ್ರೆ ಎಣ್ಣೆ ಅಲ್ವೇನವ್ವ? ನಂಗೇನ್ ಗೊತ್ತಿಲ್ಲ ಅಂದ್ಕಂಡ್ಯಾ?’

ಎಣ್ಣೆ ಎಂದರೆ ನಮ್ಮ ಕಡೆ ಕುಡಿಯುವ ಹೆಂಡ, ಬ್ರಾಂದಿ ಎಲ್ಲ ಸೇರಿ. ‘ಇದು ಎಣ್ಣೆ ಇಲ್ಲದ್ದು ಅಮ್ಮ’ ಎಂದೆ.

‘ಇಲ್ಲದ್ದಕ್ಕೆ ಆ ಹೆಸರ್ಯಾಕೆ ಮತ್ತೆ? ಪಾನಕ ಅನ್ನು.’

ಬಾಗಿಲಲ್ಲಿ ನಿಂತಿದ್ದ ಕಾವ್ಯ ಹೇಳಿದಳು. ‘ಪಾನಕ ಅಂದ್ರೆ ಸ್ಟೀಲ್ ಲೋಟದಲ್ಲೇ ಕೊಡ್ತಾರೆ ಅತ್ತೆ. ನಂಗೆ ಆ ಉದ್ದ ಕಾಲಿನ ಗಾಜಿನ ಲೋಟ ಬೇಕು. ಮೂರ್ ತಿಂಗ್ಳಿಂದ ಕೇಸರಿ ಹಾಲು ಕುಡ್ದು ಕುಡ್ದು ನಾನೇ ಹಸು ಆಗ್ಬಿಟ್ಟಿದೀನಿ.’

‘ಹಸು ಆದ್ರೆ ಒಳ್ಳೇದೇ, ಡೈರಿಗೆ ಹಾಲು ಹಾಕ್ಬೋದು’ ಎಂದರು ಜಯಮ್ಮ. ನಾಗವೇಣಿ ಕಿಸಕ್ಕೆಂದಳು. ಆಮೇಲೆ ಅವರು ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಪಟ್ಟಿ ಕೊಡು ಎಂದರು.

ಹನ್ನೊಂದು ಸಾಮಾನು ಬರೆದುಕೊಂಡು ಹೋಗಿದ್ದೆ. ಹುಣಸೆಹಣ್ಣು, ಬೆಲ್ಲ, ಶುಂಠಿ, ಜೀರಿಗೆ, ಕಿತ್ತಳೆ, ಅನಾನಸ್, ಹೀಗೆ. ಅನಾನಸ್ ಓದುತ್ತಿದ್ದಂತೆ ಪೆನ್ನು ಕೇಳಿ ಹೊಡೆದುಹಾಕಿದರು. ಬಸುರಿಗೆ ಅದು ಆಗದು ಎಂಬುದು ಅವರ ನಂಬಿಕೆ. ಅದರಿಂದ ನಷ್ಟವೇನಿಲ್ಲವೆಂದು ನಾನೂ ಸುಮ್ಮನಾದೆ. ಐಸ್ ಎಷ್ಟು ತುಂಡು ಎಂದು ಕೇಳಿ, ಮೂರು ಎಂದಿದ್ದನ್ನು ಒಂದಕ್ಕೆ ಇಳಿಸಿದರು. ಕೊನೆಗೆ ಪಟ್ಟಿ ಮಡಚಿ ಕೈಯಲ್ಲಿ ಹಿಡಿದುಕೊಂಡೇ ಹೇಳಿದರು.

‘ನಮ್ ಯಜಮಾನ್ರು ಯಾತರಿಂದ ಹೋದ್ರು ಅಂತ ಊರಿಗೆಲ್ಲ ಗೊತ್ತು. ಅವ್ರು ಹೋದ್ ಮೇಲೆ ಈ ಹೊಸ್ತಿಲೊಳಕ್ಕೆ ಅದು ಬಂದಿಲ್ಲ. ನನ್ ಮಗನ ಮದ್ವೇಲೂ ಬರ್ಲಿಲ್ಲ. ಈಗ್ಲೂ ಬರ್ಬಾರ್ದು. ಒಂದು ತೊಟ್ಟೂ.’

‘ಒಂದು ತೊಟ್ಟೂ ಇರಲ್ಲ ಅಮ್ಮ’ ಎಂದೆ. ಪಟ್ಟಿ ಇಸಿದುಕೊಂಡು ಕೆಳಗೆ ಅದನ್ನೇ ಬರೆದು ಸಹಿ ಹಾಕಿ ಕೊಟ್ಟೆ. ಅವರು ಕೇಳಿರಲಿಲ್ಲ. ಬರೆಯುವ ಚಟ ನನ್ನದು.

ಬೀಳ್ಕೊಡಲು ಕಾವ್ಯ ಬೇಲಿಯವರೆಗೆ ಬಂದಳು. ಇದು ಎರಡನೆಯ ಬಸಿರು, ಮೊದಲನೆಯದು ಎರಡು ವರ್ಷದ ಹಿಂದೆ ಐದನೇ ತಿಂಗಳಲ್ಲಿ ಹೋಯಿತು ಎಂದು ಆಗ ಹೇಳಿದಳು. ‘ಯಾಕೆ ಅಂತ ಡಾಕ್ಟರು ಹೇಳಕ್ಕಾಗ್ಲಿಲ್ಲ. ಕೆಲವು ಸಲ ಕಾರಣ ಸಿಗಲ್ಲ ಅಂದ್ರು. ನಾನೇ ಕೂತ್ಕೊಂಡು ಲೆಕ್ಕ ಹಾಕ್ದೆ ಅಕ್ಕ. ಆ ತಿಂಗ್ಳು ಏನ್ ತಿಂದೆ, ಎಲ್ಲಿ ಹೋದೆ, ಎಷ್ಟ್ ಮೆಟ್ಲು ಹತ್ತಿದೆ. ಒಂದೂ ನೆಟ್ಟಗೆ ಜ್ಞಾಪಕ ಬರ್ಲಿಲ್ಲ. ಮಕ್ಳಿಗೆ ಲೆಕ್ಕ ಹೇಳ್ಕೊಡೋಳು, ನಂದೇ ಲೆಕ್ಕ ಸಿಗ್ಲಿಲ್ಲ.’ ಈ ಸಲ ತಾನು ತಿಂದದ್ದು, ಕುಡಿದದ್ದು ಎಲ್ಲ ಬರೆದಿಡುತ್ತಿದ್ದೇನೆ ಎಂದೂ ಹೇಳಿದಳು. ಹಾಗಾದರೆ ನಾವಿಬ್ಬರೂ ಒಂದೇ ಜಾತಿ ಎಂದು ನಾನು ನಗಿಸಿದೆ.

ಅವಳಿಗಾಗಿ ಒಂದು ಹೊಸ ಪಾನೀಯ ಮಾಡಬೇಕೆಂದು ಮನಸ್ಸಾಯಿತು. ನಲ್ಲೂರಿನ ಕಡೆಯಿಂದ ಹೊಸ ಹುಣಸೆ ತರಿಸಿ, ಕೆಂಡದ ಮೇಲೆ ಸ್ವಲ್ಪ ಸುಟ್ಟು, ಬೆಲ್ಲದ ಪಾಕಕ್ಕೆ ಕಿವುಚಿ, ಶುಂಠಿ ರಸ, ಕಿತ್ತಳೆ ರಸ ಸೇರಿಸಿ ಶೇಕರಿನಲ್ಲಿ ಕುಲುಕಿದೆ. ಶೇಕರ್ ಎಂದರೆ ಪಾನೀಯ ಬೆರೆಸುವ ಮುಚ್ಚಳದ ಸ್ಟೀಲ್ ಪಾತ್ರೆ. ಮೇಲೆ ಸೋಡಾ. ಬಣ್ಣ ಮಾಗಿದ ದಾಳಿಂಬೆಯಂತೆ ಬಂತು. ರುಚಿ ಮಾತ್ರ ಪಾನಕದ್ದೇ. ಹುಳಿ, ಸಿಹಿ, ಖಾರ ಮೂರೂ ಇದ್ದವು, ಆದರೆ ಗುಟುಕು ನುಂಗಿದ ಮೇಲೆ ನಾಲಿಗೆಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಫೆಬ್ರವರಿ 6ರಿಂದ 8ರವರೆಗೆ ಏಳು ಸಲ ಮಾಡಿ ನೋಡಿದ್ದೇನೆಂದು ನೋಟ್‌ಬುಕ್ಕಿನಲ್ಲಿದೆ. 9ರ ಬೆಳಿಗ್ಗೆ ಎಂಟನೆಯ ಸಲ ಮಾಡುವಾಗ ಕೈ ತಾನಾಗಿ ಸಣ್ಣ ಸೀಸೆಯೊಂದಕ್ಕೆ ಹೋಯಿತು. ಎರಡು ಸಲ ಕೊಡವಿದೆ. ರುಚಿ ಕೂತಿತು. ನಾಗವೇಣಿ ಕಣ್ಣು ಮುಚ್ಚಿ ಪೂರ್ತಿ ಕುಡಿದು ‘ಲೇ, ಇದು ಪಾನಕ ಅಲ್ಲ ಕಣೇ’ ಎಂದಳು. ನನಗೆ ಬೇಕಾಗಿದ್ದ ಮಾತೂ ಅದೇ. ಪಾನೀಯಕ್ಕೆ ‘ಏಳನೇ ತಿಂಗಳು’ ಎಂದು ಹೆಸರಿಟ್ಟೆವು.

ಆ ಸೀಸೆಯಲ್ಲಿದ್ದದ್ದು ಬಿಟರ್ಸ್. ಬೇರು, ತೊಗಟೆ, ಲವಂಗ, ಚಕ್ಕೆ, ಕಿತ್ತಳೆ ಸಿಪ್ಪೆಗಳ ಕಹಿ ಸಾರ. ಸಾರಿಗೆ ಇಂಗು ಹೇಗೋ ಬಾರಿನ ಪಾನೀಯಕ್ಕೆ ಇದು ಹಾಗೆ. ಒಂದು ಕೊಡವಿಗೆ ನಾವು ಡ್ಯಾಶ್ ಎನ್ನುತ್ತೇವೆ, ಒಂದು ಲೋಟಕ್ಕೆ ಒಂದೋ ಎರಡೋ ಡ್ಯಾಶ್. ನಾನು ಕೆಲಸ ಮಾಡಿದ ಬಾರಿನಲ್ಲಿ ಮದ್ಯದ ಬಾಟಲಿಗಳು ಬೀಗದ ಕಪಾಟಿನಲ್ಲಿರುತ್ತಿದ್ದವು. ಇದು ಮಾತ್ರ ಕೌಂಟರಿನ ಮೇಲೆ, ಉಪ್ಪು ಸಕ್ಕರೆ ಡಬ್ಬಿಗಳ ಪಕ್ಕ. ನಾಲ್ಕು ವರ್ಷ ದಿನಕ್ಕೆ ಹತ್ತಾರು ಸಲ ಕೈ ಹಾಗೆಯೇ ಹೋಗಿ ಹಾಗೆಯೇ ಬಂದಿದೆ. ಬಾರು ಬಿಟ್ಟು ಬರುವಾಗ ಶೇಕರ್, ಅಳತೆ ಬಟ್ಟಲುಗಳ ಜೊತೆ ಅದೂ ನನ್ನ ಪೆಟ್ಟಿಗೆಗೆ ಬಂದಿತ್ತು. ಈ ಮೊದಲಿನ ಇಪ್ಪತ್ತೆರಡು ಮನೆಗಳಲ್ಲಿ ಅದನ್ನು ತೆರೆಯುವ ಸಂದರ್ಭ ಬಂದಿರಲಿಲ್ಲ.

ಫೆಬ್ರವರಿ 11. ಬೆಳಿಗ್ಗೆ ಒಂಬತ್ತಕ್ಕೆ ಅಂಗಳದ ಚಪ್ಪರದ ಮೂಲೆಯಲ್ಲಿ ಮೇಜು ಹಾಕಿದೆವು. ಮೂರು ಬಗೆ ಪಾನೀಯ. ಮಕ್ಕಳಿಗೆ ದ್ರಾಕ್ಷಿಯದು, ಹಿರಿಯರಿಗೆ ಮಜ್ಜಿಗೆ ಪುದೀನದ್ದು, ಮೂರನೆಯದು ‘ಏಳನೇ ತಿಂಗಳು’. ಹಸಿರು ಸೀರೆ ಉಟ್ಟು, ಎರಡೂ ಕೈ ತುಂಬ ಬಳೆ ತೊಟ್ಟು ಕಾವ್ಯ ಹಸೆಯ ಮೇಲೆ ಕೂತಳು. ಬಂದ ಮುತ್ತೈದೆಯರು ಒಬ್ಬೊಬ್ಬರಾಗಿ ಅರಿಸಿನ ಕುಂಕುಮ ಹಚ್ಚಿ, ಮಡಿಲು ತುಂಬಿ, ಬಾಯಿಗೆ ಒಂದಿಷ್ಟು ಸಿಹಿ ಇಡುತ್ತಿದ್ದರು. 11.20ಕ್ಕೆ ಅವಳ ಮೊದಲ ಲೋಟ ಕಳುಹಿಸಿದೆ. ಒಂದು ಗುಟುಕು ಕುಡಿದು ಅಲ್ಲಿಂದಲೇ ನನ್ನ ಕಡೆಗೆ ಲೋಟ ಎತ್ತಿ ತೋರಿಸಿದಳು.

ಅಷ್ಟು ಸಾಕಾಯಿತು. ಬಂದ ಹೆಂಗಸರೆಲ್ಲ ‘ಬಸ್ರಿ ಕುಡೀತಾವ್ಳಲ್ಲ, ಅದೇ ಕೊಡವ್ವ ನಮ್ಗೂ’ ಎಂದು ಮೇಜಿಗೆ ಬರತೊಡಗಿದರು. ಕಾವ್ಯಳ ಎರಡನೆಯ ಲೋಟ 12.05ಕ್ಕೆ, ಮೂರನೆಯದು 12.40ಕ್ಕೆ. ನಡುವೆ ಜಯಮ್ಮನವರೇ ಬಂದು ನಿಂತು, ಒಂದು ಲೋಟ ಪೂರ್ತಿ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ‘ಆ ಹೆಸರೊಂದ್ ಬಿಟ್ರೆ ಚೆನ್ನಾಗೈತೆ’ ಎಂದು ಹೋದರು. ಅದಕ್ಕೂ ಗೆರೆ ಹಾಕಿದೆ.

1.10ರ ಹೊತ್ತಿಗೆ ಊಟದ ಎಲೆ ಹಾಕುತ್ತಿದ್ದರು, ಮೇಜಿನ ಮುಂದೆ ಯಾರೂ ಇರಲಿಲ್ಲ. ನಾಗವೇಣಿ ಮೇಜು ಒರೆಸುತ್ತ ಬಿಟರ್ಸ್ ಸೀಸೆ ಎತ್ತಿಕೊಂಡು ತಿರುಗಿಸಿ ನೋಡುತ್ತಿದ್ದಳು.

‘ಇದ್ರ ಮೇಲೆ ನಲವತ್ತೈದು ಪರ್ಸೆಂಟ್ ಅಂತ ಬರ್ದಿದೆಯಲ್ಲೇ. ಏನದು ನಲವತ್ತೈದು?’

ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಿಟರ್ಸ್‌ನ ಸಾರ ತೆಗೆಯುವುದೇ ಮದ್ಯಸಾರದಲ್ಲಿ ಎಂದು ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿನ ಮೊದಲ ವರ್ಷ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಸೀಸೆಯ ಅರ್ಧದಷ್ಟು ಅದೇ, ಬ್ರಾಂದಿಗಿಂತ ಗಟ್ಟಿ. ಗೊತ್ತಿದ್ದದ್ದು ಎಲ್ಲೋ ಒಂದು ಕಡೆ ಉಳಿದು, ಕೈ ಮಾತ್ರ ಇನ್ನೊಂದು ಕಡೆ ಕೆಲಸ ಮಾಡಿಕೊಂಡು ಬಂದಿತ್ತು. ಹನ್ನೊಂದು ಸಾಮಾನಿನ ಪಟ್ಟಿ ಬರೆದದ್ದು ಸೀಸೆ ಕೈಗೆ ಬರುವ ಆರು ದಿನ ಮೊದಲು. ಆದರೆ ಅಂದು ಬೆಳಿಗ್ಗೆ ಪೆಟ್ಟಿಗೆಗೆ ತುಂಬುವಾಗ ಬರೆದ ಪಟ್ಟಿಯಲ್ಲಿ ಉಪ್ಪು ಇತ್ತು, ಸ್ಟ್ರಾ ಇತ್ತು, ಕೈ ಒರೆಸುವ ಬಟ್ಟೆಯೂ ಇತ್ತು. ಸೀಸೆ ಇರಲಿಲ್ಲ.

ನಾಗವೇಣಿಗೆ ಹೇಳಿದೆ. ಅವಳು ಸೀಸೆಯನ್ನು ಬಟ್ಟೆಯೊಳಗೆ ಸುತ್ತಿಬಿಟ್ಟಳು.

ನೋಟ್‌ಬುಕ್ ತೆಗೆದು ಲೆಕ್ಕ ಹಾಕಿದೆ. ಸರಿಯೇ ಎಂದು ಇನ್ನೊಮ್ಮೆ ಹಾಕಿದೆ. ಎರಡು ಡ್ಯಾಶ್ ಎಂದರೆ ಸುಮಾರು ಒಂದೂವರೆ ಎಂ.ಎಲ್. ಮಡಿಲು ತುಂಬುವವರು ಬಂದದ್ದರಿಂದ ಕಾವ್ಯಳ ಮೂರನೆಯ ಲೋಟ ಅರ್ಧ ಹಾಗೆಯೇ ವಾಪಸಾಗಿತ್ತು. ಎರಡೂವರೆ ಲೋಟಕ್ಕೆ ನಾಲ್ಕು ಎಂ.ಎಲ್.ಗಿಂತ ಕಡಿಮೆ. ಅದರಲ್ಲಿ ಮದ್ಯಸಾರ ಒಂದೂಮುಕ್ಕಾಲು ಎಂ.ಎಲ್.ನೊಳಗೆ. ಚಹಾ ಚಮಚದ ಮೂರರಲ್ಲಿ ಒಂದು ಭಾಗ, ಅದೂ ಒಂದೂವರೆ ಗಂಟೆಯಲ್ಲಿ.

‘ಅಷ್ಟೇ ತಾನೆ?’ ಎಂದಳು ನಾಗವೇಣಿ. ‘ಕೆಮ್ಮಿನ ಔಷಧೀಲಿ ಇದ್ಕಿಂತ ಜಾಸ್ತಿ ಇರತ್ತೆ. ಹೇಳ್ಬೇಡ ಕಣೇ. ಇರೋದನ್ನ ಸುರಿದ್ಬಿಟ್ಟು ಅದಿಲ್ದೆ ಮಾಡು, ಮುಗೀತು. ಹೇಳಿದ್ರೆ ಆ ಹುಡ್ಗಿ ಹೆರಿಗೆ ಆಗೋವರ್ಗೂ ನಿದ್ದೆ ಮಾಡಲ್ಲ. ನಿನ್ ಮನಸ್ಸು ಹಗುರ ಮಾಡ್ಕಳಕ್ಕೆ ಅವಳ ತಲೆ ಮೇಲೆ ಹೊರಿಸ್ತೀಯಾ?’

ಅವಳ ಮಾತಿನಲ್ಲಿ ಹುರುಳಿತ್ತು. ಇಂದೂ ಆ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಮೊದಲು ನಾನು ಅವಳು ಹೇಳಿದಂತೆಯೇ ಮಾಡಿದೆ. ಮೊದಲೇ ಬೆರೆಸಿಟ್ಟ ಹೂಜಿಯಲ್ಲಿ ಉಳಿದದ್ದನ್ನು ತೆಂಗಿನ ಬುಡಕ್ಕೆ ಸುರಿದೆ. ಆದರೆ ಬೇಲಿಯ ಬಳಿ ಕಾವ್ಯ ಆಡಿದ ಮಾತು ಬಿಡಲಿಲ್ಲ. ದೇವರು ಒಳ್ಳೆಯದು ಮಾಡಲಿ, ಆದರೆ ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ಅವಳು ಮತ್ತೆ ಲೆಕ್ಕ ಹಾಕಲು ಕೂರುತ್ತಾಳೆ. ಫೆಬ್ರವರಿ 11ರ ಪುಟಕ್ಕೆ ಬಂದಾಗ ಅಲ್ಲಿ ‘ಹುಣಸೆ ಪಾನಕ, ಎರಡೂವರೆ ಲೋಟ’ ಎಂದಷ್ಟೇ ಇರುತ್ತದೆ. ಅವಳ ಲೆಕ್ಕದಲ್ಲಿ ಇಲ್ಲದ್ದು ನನ್ನ ಪುಸ್ತಕದಲ್ಲಿ ಇರುತ್ತದೆ. ಅದನ್ನು ನಾನು ಇಟ್ಟುಕೊಂಡು ಹೇಗೆ ಇರುವುದು?

ಅಷ್ಟರಲ್ಲಿ ಜಯಮ್ಮನವರೇ ಖಾಲಿ ಲೋಟ ಹಿಡಿದು ಬಂದರು. ಮುಖದಲ್ಲಿ ಅಂದಿನವರೆಗೆ ನಾನು ಕಾಣದ ನಗು.

‘ಇನ್ನೊಂದ್ ಬೇಕಂತೆ ನಿನ್ ಹುಡ್ಗಿಗೆ. ಹೋದ್ಸಲ ಹಂಗಾದ್ ಮೇಲೆ ಅವಳು ಇಷ್ಟ್ ಖುಷಿಯಾಗಿ ಏನನ್ನೂ ಬಾಯಿಗಿಟ್ಟಿರ್ಲಿಲ್ಲ ಕಣವ್ವ.’

ಬಟ್ಟೆ ಬಿಚ್ಚಿ ಸೀಸೆಯನ್ನು ಅವರ ಮುಂದಿಟ್ಟೆ. ಸುತ್ತಿ ಬಳಸಿ ಹೇಳಲಿಲ್ಲ. ಇದರಲ್ಲಿ ಮದ್ಯಸಾರವಿದೆ, ಕಾವ್ಯಳ ಪಾನೀಯಕ್ಕೆ ಲೋಟಕ್ಕೆ ಎರಡು ಸಲ ಕೊಡವಿ ಹಾಕಿದ್ದೇನೆ, ಹಾಕುವಾಗ ಅದು ಮದ್ಯವೆಂದು ತಲೆಗೆ ಬರಲಿಲ್ಲ, ತಪ್ಪು ನನ್ನದು ಎಂದೆ.

ಅವರು ಸೀಸೆಯ ಮುಚ್ಚಳ ತೆಗೆದು ಮೂಸಿದರು. ದೂರವಿಟ್ಟು ಮತ್ತೆ ಮೂಸಿದರು.

‘ಲವಂಗದ ವಾಸ್ನೆ. ಅದ್ರ ಹಿಂದೆ ಅದೈತೆ’ ಎಂದರು. ಆಮೇಲೆ, ‘ನಾನೂ ಒಂದ್ ಲೋಟ ಕುಡ್ದೆ.’

‘ಹೌದಮ್ಮ.’

‘ನನ್ ಬಾಯಿಗೂ ಹೋಯ್ತು ಹಂಗಾರೆ.’

ಲೋಟವನ್ನು ಮೇಜಿನ ಮೇಲಿಟ್ಟು ಅಂಗಳದ ನಲ್ಲಿಯ ಕಡೆ ಹೋದರು. ಬಾಯಿ ಮುಕ್ಕಳಿಸಿದರು. ಒಂದಲ್ಲ, ನಾಲ್ಕೈದು ಸಲ. ನಾಗವೇಣಿ ನನ್ನ ಮೊಣಕೈ ಹಿಡಿದುಕೊಂಡಿದ್ದಳು. ವಾಪಸು ಬಂದ ಜಯಮ್ಮನವರ ಮುಖ ಒದ್ದೆಯಾಗಿತ್ತು. ನೀರೋ ಕಣ್ಣೀರೋ ತಿಳಿಯಲಿಲ್ಲ.

‘ನಮ್ ಯಜಮಾನ್ರು ಏಲಕ್ಕಿ ಜಗೀತಾ ಬರೋರು’ ಎಂದರು. ‘ಇಪ್ಪತ್ತೆರಡ್ ವರ್ಷ. ಕುಡ್ದಿದ್ದೀರಾ ಅಂದ್ರೆ ಏಲಕ್ಕಿ ಕಣೇ ಅನ್ನೋರು. ಆಸ್ಪತ್ರೆ ಮಂಚದ್ ಮೇಲೂ ಏಲಕ್ಕಿ ಅಂದ್ರು. ಒಂದ್ ದಿನ, ಒಂದೇ ಒಂದ್ ದಿನ ಹೌದು ಅಂದಿದ್ರೆ...’

ಸೀಸೆಗೆ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟರು.

‘ನೀನು ಒಂದ್ ಗಂಟೆ ಒಳಗೇ ಹೇಳ್ದೆ. ಬಾ, ಅವಳಿಗೂ ನೀನೇ ಹೇಳು. ನಾನ್ ಪಕ್ಕದಲ್ಲಿರ್ತೀನಿ.’

ಕಾವ್ಯ ಹಸೆಯ ಮೇಲೆಯೇ ಇದ್ದಳು. ನೆಲದ ಮೇಲೆ ಮಂಡಿಯೂರಿ, ಜಯಮ್ಮನವರಿಗೆ ಹೇಳಿದ್ದನ್ನೇ ಹೇಳಿದೆ. ಅವಳ ಕೈ ಹೊಟ್ಟೆಗೆ ಹೋಯಿತು, ಬಳೆಗಳು ಒಮ್ಮೆಲೇ ಸದ್ದು ಮಾಡಿದವು. ಬಣ್ಣ ಇಳಿದ ಮುಖದಿಂದ ಒಂದೇ ಮಾತು ಬಂತು.

‘ಎಷ್ಟು?’

ನೋಟ್‌ಬುಕ್ ಅವಳ ಮುಂದಿಟ್ಟೆ. 11.20, 12.05, 12.40. ಮೂರನೆಯದರ ಮುಂದೆ ‘ಅರ್ಧ ವಾಪಸ್’. ಪಕ್ಕದಲ್ಲಿ ನಾನು ಹಾಕಿದ್ದ ಗುಣಾಕಾರ. ಅವಳು ಬೆರಳಿಟ್ಟು ಸಾಲುಸಾಲಾಗಿ ಓದಿದಳು. ತುಟಿ ಆಡುತ್ತಿತ್ತು. ತಾನೇ ಮತ್ತೊಮ್ಮೆ ಲೆಕ್ಕ ಮಾಡುತ್ತಿದ್ದಾಳೆಂದು ತಿಳಿಯಿತು.

‘ಒಂದು ಪಾಯಿಂಟ್ ಆರು ಒಂಬತ್ತು’ ಎಂದಳು. ‘ನೀವು ಒಂದೂಮುಕ್ಕಾಲು ಅಂತ ಜಾಸ್ತಿ ಬರ್ದಿದೀರಾ.’

ಪುಟದ ಫೋಟೊ ತೆಗೆದು, ಸೀಸೆಯ ಲೇಬಲ್ಲಿನ ಫೋಟೊ ತೆಗೆದು ತನ್ನ ಡಾಕ್ಟರಿಗೆ ಕಳುಹಿಸಿ, ಫೋನ್ ಮಾಡಿದಳು. ಡಾಕ್ಟರು ಎತ್ತುವವರೆಗೆ, ಎತ್ತಿ ಮಾತಾಡುವವರೆಗೆ, ಜಯಮ್ಮನವರ ಕೈ ಅವಳ ಭುಜದ ಮೇಲಿತ್ತು. ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು. ಇನ್ನು ಮುಂದೆ ಇದು ಬೇಡವೇ ಬೇಡ. ಆದರೆ ಇಷ್ಟಕ್ಕೆ ಹೆದರಿಕೊಂಡು ಕೂರುವುದು ಬೇಡ. ಮಗು ಎಂದಿನಂತೆ ಆಡುತ್ತಿದೆಯೇ ಗಮನಿಸಿ, ಮಂಗಳವಾರದ ತಪಾಸಣೆಗೆ ತಪ್ಪದೆ ಬನ್ನಿ. ‘ಇಷ್ಟು ಲೆಕ್ಕ ಬರೆದಿಟ್ಟಿದ್ದು ಯಾರು?’ ಎಂದೂ ಕೇಳಿದರು. ಕಾವ್ಯ ನನ್ನ ಕಡೆ ನೋಡಿದಳು.

ಊಟಕ್ಕೆ ಕೂತವರಲ್ಲಿ ಗುಸುಗುಸು ಶುರುವಾಗಿತ್ತು. ನನ್ನ ಗೆರೆಗಳ ಪ್ರಕಾರ ‘ಏಳನೇ ತಿಂಗಳು’ ಒಟ್ಟು ಮೂವತ್ತೊಂದು ಲೋಟ. ಕಾವ್ಯ ಮೂರು, ಜಯಮ್ಮ ಒಂದು, ಉಳಿದ ಇಪ್ಪತ್ತೇಳು ಬಂದವರದ್ದು. ಜಯಮ್ಮನವರು ಪಂಕ್ತಿಯ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟರು. ಆ ಕೆಂಪನೆಯ ಲೋಟದಲ್ಲಿ ಗೊತ್ತಿಲ್ಲದೆ ಒಂದೆರಡು ತೊಟ್ಟು ಎಣ್ಣೆ ಸೇರಿದೆ, ಹುಡುಗಿ ತಾನಾಗಿ ಒಪ್ಪಿಕೊಂಡಿದ್ದಾಳೆ, ಯಾರಿಗಾದರೂ ವ್ರತ, ಮಾತ್ರೆ ಇದ್ದರೆ ನೋಡಿಕೊಳ್ಳಿ.

ಮೂಲೆಯಲ್ಲಿದ್ದ ಒಬ್ಬ ಅಜ್ಜಿ, ‘ಅಯ್ಯೋ, ಅದ್ಕೇ ಏನೇ ನನ್ ಮಂಡಿ ನೋವು ಇಳ್ದಿದ್ದು!’ ಎಂದರು. ಎಲೆಯ ಮುಂದೆ ಕೂತವರು ಬಿದ್ದು ಬಿದ್ದು ನಕ್ಕರು. ಎಲ್ಲರೂ ನಗಲಿಲ್ಲ. ಇಬ್ಬರು ಅರ್ಧ ಊಟಕ್ಕೆ ಎದ್ದರು. ‘ಹೋಟ್ಲಲ್ಲಿ ಎಣ್ಣೆ ಕಲಸ್ತಿದ್ದೋಳನ್ನ ಸೀಮಂತಕ್ಕೆ ಕರ್ದ್ರೆ ಇನ್ನೇನಾಗತ್ತೆ’ ಎಂದು ಒಬ್ಬರು ನನ್ನ ಮುಖಕ್ಕೇ ಅಂದು ಹೋದರು. ಅದನ್ನೂ ಅಂದು ಸಂಜೆ ಬರೆದುಕೊಂಡಿದ್ದೇನೆ.

ಸಾಮಾನು ಕಟ್ಟುತ್ತಿದ್ದಾಗ ಜಯಮ್ಮನವರು ಬಂದರು. ‘ಅದನ್ನ ಯಾಕ್ ಹಾಕ್ದೆ? ರುಚಿಗಾ?’

‘ಕೊನೇಲಿ ಸ್ವಲ್ಪ ಕಹಿ ಬೇಕಿತ್ತಮ್ಮ. ಇಲ್ದಿದ್ರೆ ಪಾನಕದ್ ಥರಾನೇ ಇರತ್ತೆ.’

ಹಿತ್ತಲ ಕಡೆ ಕೈ ತೋರಿಸಿದರು. ಬಾವಿಯ ಪಕ್ಕದ ಚಕ್ಕೋತ ಮರದಲ್ಲಿ ಕೊನೆಯ ಎರಡು ಮೂರು ಹಣ್ಣು ನೇತಾಡುತ್ತಿದ್ದವು. ‘ಕಹಿ ಬೇಕಿದ್ರೆ ಅದ್ರ ಸಿಪ್ಪೆ ಒಳಗಿನ ಬಿಳೀದು ಇಲ್ವಾ? ಕಹಿ ತರಕ್ಕೆ ಅಂಗಡಿಗ್ ಹೋಗ್ಬೇಕಾ?’

ಒಂದು ಹಣ್ಣು ಕೀಳಿಸಿ ಕೊಟ್ಟರು. ಕಾವ್ಯ ಆ ಮಧ್ಯಾಹ್ನ ಮತ್ತೇನೂ ಕುಡಿಯಲಿಲ್ಲ, ಮನೆಯ ನೀರು ಬಿಟ್ಟು. ನಾನು ಹೋಗಿಬರುತ್ತೇನೆ ಎಂದಾಗ ತಲೆಯಾಡಿಸಿದಳು, ಅಷ್ಟೇ. ಅದು ನ್ಯಾಯವೇ ಎನಿಸಿತು.

ಆಮೇಲಿನ ದಿನಗಳನ್ನು ನಾನು ಎಣಿಸಿದ್ದೇನೆ. ಬೇರೆ ಮನೆಗಳ ಕೆಲಸ ನಡೆದೇ ಇತ್ತು, ಪುಟಗಳು ತುಂಬುತ್ತಿದ್ದವು, ಆದರೆ ಪ್ರತಿ ಪುಟದ ಮೂಲೆಯಲ್ಲಿ ಸಣ್ಣದಾಗಿ ಒಂದು ಸಂಖ್ಯೆ ಇದೆ. ಆವತಿಯಿಂದ ಎಷ್ಟನೆಯ ದಿನ ಎಂದು. ಮಂಗಳವಾರದ ತಪಾಸಣೆಯ ನಂತರ ಕಾವ್ಯ ‘ಸರಿಯಾಗಿದೆ’ ಎಂದು ಒಂದು ಮೆಸೇಜ್ ಹಾಕಿದ್ದಳು. ಅದರಾಚೆ ನಾನು ಕೇಳಲಿಲ್ಲ. ಕೇಳುವ ಹಕ್ಕು ನನಗಿದೆ ಎನಿಸಲಿಲ್ಲ. ಎಪ್ಪತ್ತೊಂಬತ್ತನೆಯ ದಿನ, ಏಪ್ರಿಲ್ 30ರ ಬೆಳಿಗ್ಗೆ, ಜಯಮ್ಮನವರ ಫೋನ್ ಬಂತು.

‘ಹೆಣ್ಮಗು ಕಣವ್ವ. ಎರಡು ಕೆ.ಜಿ. ಒಂಬೈನೂರು. ಇಬ್ರೂ ಚೆನ್ನಾಗವ್ರೆ. ಬರ್ಕೋ ನಿನ್ ಪುಸ್ತಕದಲ್ಲಿ.’

ಬರೆದುಕೊಂಡೆ. ಮುಂದಿನ ಪುಟಗಳ ಮೂಲೆಗಳು ಖಾಲಿ ಇವೆ.

ಆ ನಡುವೆ ಕೆಲಸದ ಕ್ರಮ ಬದಲಾಗಿತ್ತು. ಚಕ್ಕೋತದ ಬಿಳಿ ತಿರುಳನ್ನು ಲವಂಗ ಚಕ್ಕೆಯ ಜೊತೆ ನೀರಿನಲ್ಲಿ ಕುದಿಸಿ, ಶೋಧಿಸಿ, ನಾನೇ ಕಹಿ ಸಾರ ಮಾಡಿಕೊಳ್ಳುತ್ತಿದ್ದೆ. ಫ್ರಿಜ್ಜಿನಲ್ಲಿ ಮೂರು ದಿನ ಇಡಬಹುದು, ಅಷ್ಟೇ. ಬಿಟರ್ಸ್‌ನಷ್ಟು ಆಳವಾದ ರುಚಿಯಲ್ಲ. ಇದ್ದಷ್ಟು ಸಾಕು. ಇನ್ನೊಂದು ಬದಲಾವಣೆ ಆವತಿಯಲ್ಲಿಯೇ ಆದದ್ದು. ಬಾಣಂತನ ಮುಗಿಸಿ ಕಾವ್ಯ ತವರಿನಿಂದ ಬಂದ ಮೇಲೆ ಆಗಸ್ಟ್ 11ರ ಭಾನುವಾರ ನಾಮಕರಣ. ಜಯಮ್ಮನವರು ನನ್ನನ್ನೇ ಕರೆದರು, ಒಂದು ಕರಾರಿನ ಮೇಲೆ. ಪೆಟ್ಟಿಗೆಯಿಂದ ತೆಗೆದ ಪ್ರತಿ ಬಾಟಲಿ, ಡಬ್ಬಿಯ ಲೇಬಲ್ಲನ್ನು ಅವರ ಮುಂದೆ ನಿಂತು ಗಟ್ಟಿಯಾಗಿ ಓದಬೇಕು, ಸೋಡಾದ್ದೂ, ಉಪ್ಪಿನದೂ.

ಓದಿದೆ. ಶಾಲೆಯ ಮಗುವಿನಂತೆ ನಿಂತು ಹದಿನಾಲ್ಕು ಲೇಬಲ್ಲು ಓದಿದೆ. ‘ಉಪ್ಪು. ಇದರಲ್ಲಿರುವುದು ಉಪ್ಪು, ಅಯೋಡಿನ್’ ಎಂದಾಗ ನಾಗವೇಣಿ ಬಾಯಿಗೆ ಸೆರಗು ಒತ್ತಿಕೊಂಡಳು. ಜಯಮ್ಮನವರು ನಗಲಿಲ್ಲ. ‘ಮುಂದೆ’ ಎಂದರು.

ಈಗ ಪ್ರತಿ ಮನೆಯಲ್ಲೂ ಹಾಗೆಯೇ ಮಾಡುತ್ತೇನೆ. ಮನೆಯ ಹಿರಿಯ ಹೆಂಗಸನ್ನು ಮೇಜಿನ ಮುಂದೆ ಕೂರಿಸಿ, ಒಂದೊಂದನ್ನೂ ಕೈಯಲ್ಲಿ ಹಿಡಿದು ಓದುವುದು. ಕೆಲವರಿಗೆ ಬೇಸರ, ಕೆಲವರಿಗೆ ತಮಾಷೆ. ಓದುವುದು ಅವರಿಗಾಗಿ ಎಂದು ಅವರು ತಿಳಿದಿದ್ದಾರೆ, ಇರಲಿ. ದಿನವೂ ಮುಟ್ಟುವ ವಸ್ತುವನ್ನು ನನ್ನ ಕಣ್ಣು ನೋಡುವುದನ್ನು ಬಿಟ್ಟುಬಿಡುತ್ತದೆ, ಪೆನ್ನು ಬರೆಯುವುದನ್ನು ಬಿಟ್ಟುಬಿಡುತ್ತದೆ. ಬಾಯಿಬಿಟ್ಟು ಹೇಳಿದರೆ ಮಾತ್ರ ಅದು ಮತ್ತೆ ಎದುರಿಗೆ ಬರುತ್ತದೆ. ಲೆಕ್ಕ ಇಡುವುದರಿಂದ ತಪ್ಪಾಗುವುದಿಲ್ಲ ಎಂದು ನಂಬಿದ್ದೆ. ಲೆಕ್ಕಕ್ಕೆ ಅಷ್ಟು ಶಕ್ತಿ ಇಲ್ಲ. ತಪ್ಪಾದ ದಿನ ‘ಎಷ್ಟು’ ಎಂದು ಕೇಳಿದವರಿಗೆ ಉತ್ತರ ಕೊಡಲು ಅದು ಬೇಕು.

ಆ ಆಗಸ್ಟ್ ಮಧ್ಯಾಹ್ನ ಕಾವ್ಯ ಮಗುವನ್ನು ಹೆಗಲಿಗೆ ಹಾಕಿಕೊಂಡು ಮೇಜಿನ ಬಳಿ ಬಂದಳು. ಉದ್ದ ಕಾಲಿನ ಲೋಟದಲ್ಲಿ ‘ಏಳನೇ ತಿಂಗಳು’ ಬೆರೆಸಿ, ಚಕ್ಕೋತದ ಸಾರ ಎರಡು ಚಮಚ ಹಾಕಿ ಅವಳ ಮುಂದಿಟ್ಟೆ. ಅವಳು ಮೊದಲು ಅತ್ತೆಯ ಕಡೆ ನೋಡಿದಳು. ‘ಎಲ್ಲಾ ಓದ್ಸಿದೀನಿ, ಕುಡಿ’ ಎಂದರು ಜಯಮ್ಮ. ನಿಧಾನವಾಗಿ, ನಡುವೆ ಎರಡು ಸಲ ನಿಲ್ಲಿಸಿ, ಪೂರ್ತಿ ಕುಡಿದು ಲೋಟ ಕೆಳಗಿಟ್ಟಳು. ಆಮೇಲೆ ನನ್ನ ನೋಟ್‌ಬುಕ್ಕನ್ನು ತನ್ನ ಕಡೆ ಎಳೆದುಕೊಂಡು, ಪೆನ್ನು ತೆಗೆದು, ಮೊದಲ ಸಾಲಿನಲ್ಲಿ ತಾನೇ ಒಂದು ಗೆರೆ ಹಾಕಿ, ಗೋಡೆಯ ಗಡಿಯಾರ ನೋಡಿ, ಪಕ್ಕದಲ್ಲಿ 12.25 ಎಂದು ಬರೆದಳು.